ಮತಬೋಧೆಯೂ ಕೇಳುಗನ ಸ್ವಾತಂತ್ರ್ಯವೂ

ಕ್ರೈಸ್ತನೊಬ್ಬನು ತನ್ನ ನಂಬಿಕೆಯನ್ನು ನೆರೆಯವನಿಗೆ ತಿಳಿಸುವುದು ಅಪರಾಧವೇ? ಹೊಸಪೇಟೆಯಿಂದ ಹಂಪೆಗೆ ಹೋಗುವ ಹಾದಿಯಲ್ಲಿರುವ ಮಲಪನಗುಡಿಯವರು ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕ್ರೈಸ್ತನಾಗಲಿ ಯಹೂದ್ಯನಾಗಲಿ ಮುಸಲ್ಮಾನನಾಗಲಿ ಹಿಂದುವಾಗಲಿ ವಿಜಯನಗರದಲ್ಲಿ ತನ್ನ ಮತದಂತೆ ಬಾಳಬಹುದಾಗಿತ್ತೆಂದು ಪೋರ್ಚುಗೀಸನಾದ ಬಾರ್ಬೋಸನು ಬರೆದಿಟ್ಟಿದ್ದಾನೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಪಾದ್ರಿಗಳು ಕನ್ನಡವನ್ನು ಕಲಿತು ಬೈಬಲ್ಲನ್ನು ಕನ್ನಡಿಸಿದರು. ಅವರ ಮತವನ್ನೊಪ್ಪದವರೂ ಆ ಭಾಷಾಸೇವೆಯನ್ನು ಅಲ್ಲಗಳೆಯಲಾರರು.

ಸಂವಿಧಾನದ 25ನೆಯ ವಿಧಿಯು ಸಾರ್ವಜನಿಕ ಶಾಂತಿಗೆ ಭಂಗಬಾರದಂತೆ ಮತಪ್ರಚಾರ ಮಾಡುವ ಹಕ್ಕನ್ನು ಕೊಟ್ಟಿದೆ. ತತ್ತ್ವಗಳನ್ನು ವಿವರಿಸುವುದು ಹಕ್ಕೆಂದೂ ಪರರನ್ನು ಮತಾಂತರಿಸುವುದು ಹಕ್ಕಲ್ಲವೆಂದೂ 1977ರ ಸ್ಟಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನಿರ್ಣಯಿಸಿತು. ಕರ್ನಾಟಕದ 2022ರ ಕಾಯಿದೆಯಾದರೋ ಬಲಾತ್ಕಾರ, ವಂಚನೆ, ಆಮಿಷಗಳನ್ನು ನಿಷೇಧಿಸಿದ್ದಲ್ಲದೆ, ತಾನು ನಿರಪರಾಧಿಯೆಂದು ಸಾಧಿಸುವ ಹೊರೆಯನ್ನು ಆರೋಪಿಯ ಮೇಲೆಯೇ ಹೊರಿಸಿತು. ಅದನ್ನು ರದ್ದುಪಡಿಸಬೇಕೆಂದು 2023ರ ಜೂನಿನಲ್ಲಿ ಮಂತ್ರಿಮಂಡಲವು ನಿಶ್ಚಯಿಸಿತು.

ಆಮಿಷವು ನಿಂದ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಹಸಿದವನಿಗೆ ಅನ್ನವನ್ನು ತೋರಿಸಿ ದೇವರನ್ನು ಬದಲಿಸೆನ್ನುವವನು ಅನ್ನಕ್ಕೂ ದ್ರೋಹಿ, ದೇವರಿಗೂ ದ್ರೋಹಿ. ಪರರ ದೇವತೆಗಳನ್ನು ಹಳಿಯುವ ಬೋಧಕನೂ ಗೌರವಾರ್ಹನಲ್ಲ. ಆದರೆ ಜಗಲಿಯ ಮೇಲೆ ಕುಳಿತು ತನ್ನ ನಂಬಿಕೆಯನ್ನು ಹೇಳುವವನೂ ಸ್ವತಂತ್ರನು, ಕೇಳಿ ‘ಬೇಡ’ವೆನ್ನುವವನೂ ಸ್ವತಂತ್ರನು. ಈ ಭೇದವನ್ನರಿಯದೆ, ಗುಂಪಿನ ಕೂಗಿಗೆ ಮಣಿದು ಒಬ್ಬನನ್ನು ಠಾಣೆಗೆ ಎಳೆತರುವ ಅಧಿಕಾರಿಯು ಕಾನೂನಿನ ಸೇವಕನಲ್ಲ, ಗುಂಪಿನ ಸೇವಕನು. ಒಬ್ಬನ ಮಾತಿಗೇ ಅಲುಗುವಷ್ಟು ನಮ್ಮ ಧರ್ಮದ ಬುಡ ಸಡಿಲವಾಗಿದ್ದರೆ, ಅದನ್ನು ಬಿಗಿಗೊಳಿಸಬೇಕಾದವರು ನಾವು, ಪೋಲೀಸರಲ್ಲ.