ದೇವರಮನೆಯ ದಾರಿಯಲ್ಲಿ ಬಿಟ್ಟುಹೋದ ನಾಯಿಗಳ ಪರವಾಗಿ

ಚಿಕ್ಕಮಗಳೂರಿನ ಮಾನ್ಯ ಜಿಲ್ಲಾಧಿಕಾರಿಗಳೂ ಜಿಲ್ಲಾ ಪ್ರಾಣಿದಯಾ ಸಂಘದ ಅಧ್ಯಕ್ಷರೂ ಆದ ತಮ್ಮಲ್ಲಿ ವಿನಯಪೂರ್ವಕ ಬಿನ್ನಹ.

ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ ನೆಲೆಸಿರುವವನು ಕಾಲಭೈರವೇಶ್ವರನೆಂಬುದೂ, ಭೈರವನ ವಾಹನವು ಶ್ವಾನವೆಂಬುದೂ ತಮಗೆ ವಿದಿತವೇ ಆಗಿದೆ. ಆ ಸ್ವಾಮಿಯ ದರ್ಶನಕ್ಕೆಂದೊ ಬೆಟ್ಟದ ಸೊಬಗಿಗೆಂದೊ ಏರಿಬರುವ ಅಸಂಖ್ಯ ಸಜ್ಜನರ ನಡುವೆ, ಸಾಕಿ ಬೇಸತ್ತ ನಾಯಿಯನ್ನು ಈ ನಿರ್ಜನ ತಿರುವುಗಳಲ್ಲಿ ಇಳಿಸಿ ಹಿಂದಿರುಗಿ ನೋಡದೆ ಹೋಗುವವರೂ ಇರುವರೆಂಬುದು ನನ್ನ ದುಃಖದ ಮೂಲ.

ಕಳೆದ ಮಳೆಗಾಲದಲ್ಲಿ ನಮ್ಮ ತೋಟದ ಲೈನುಮನೆಗಳ ಹಿಂದೆ ಕಾಣಿಸಿಕೊಂಡ ಹೆಣ್ಣುನಾಯಿಯೊಂದರ ಕೊರಳಲ್ಲಿ ಪಟ್ಟಿ ಕಟ್ಟಿದ್ದ ಗುರುತು ಇನ್ನೂ ಮಾಸಿರಲಿಲ್ಲ. ಮೂಗಿನೊಳಗೆ ಇಂಬಳ, ಕಿವಿಯ ತುಂಬ ಉಣ್ಣಿ. ಆದರೂ ಕಾರಿನ ಸದ್ದು ಕೇಳಿದೊಡನೆ ಅನ್ನದ ತಟ್ಟೆಯನ್ನು ಬಿಟ್ಟು ರಸ್ತೆಗೆ ಓಡುತ್ತಿತ್ತು. ಅಂದಿನ ಸ್ಥಿತಿಯಲ್ಲಿ ಅದನ್ನು ಕಂಡ ಯಾರೂ ಮನೆಗೆ ಒಯ್ಯಲು ಒಪ್ಪಲಿಲ್ಲ, ಒಪ್ಪದವರನ್ನು ದೂಷಿಸಲಾಗದು: ಹುಚ್ಚುನಾಯಿಯ ಭೀತಿ ಮಲೆನಾಡಿನಲ್ಲಿ ನಿರಾಧಾರವಾದುದಲ್ಲ. ಕೊನೆಗೆ ಕೊಟ್ಟಿಗೆಹಾರದ ಕಡೆಯ ಗೃಹಿಣಿಯೊಬ್ಬರು, ತಮ್ಮದಾಗಿ ಉಳಿಸಿಕೊಳ್ಳಲಾರೆನೆಂದು ಮೊದಲೇ ತಿಳಿಸಿಯೂ, ಅದನ್ನು ಕೊಟ್ಟಿಗೆಯ ಮೂಲೆಯಲ್ಲಿ ಇರಿಸಿಕೊಂಡು, ಪಶುವೈದ್ಯರಿಂದ ಲಸಿಕೆಯನ್ನೂ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿದರು. ಕೋಳಿಯನ್ನು ಅಟ್ಟುವುದಿಲ್ಲ, ಮಕ್ಕಳ ಬಳಿ ಶಾಂತ, ಗುಡುಗಿಗೆ ಮಾತ್ರ ನಡುಗುತ್ತದೆ — ಇದೆಲ್ಲವೂ ತಿಳಿದುಬಂದದ್ದು ಆ ಕೊಟ್ಟಿಗೆಯಲ್ಲಿ. ಇದನ್ನೆಲ್ಲ ಕೇಳಿ, ಎರಡು ಬಾರಿ ಬಂದು ನೋಡಿ, ಕಳಸದ ಕಡೆಯ ಕುಟುಂಬವೊಂದು ಅದನ್ನು ತನ್ನದನ್ನಾಗಿಸಿಕೊಂಡಿತು. ಒಪ್ಪಿಸುವ ದಿನ ಆ ತಾಯಿ ಒಳಗೆ ಹೋಗಿ ಅತ್ತರು. ಸ್ವಂತಕ್ಕಲ್ಲದೆ ಪ್ರೀತಿಸುವುದು ಎಷ್ಟು ಕಠಿಣವಾದ ಸೇವೆಯೆಂಬುದು ನನಗೆ ಆಗ ಅರಿವಾಯಿತು.

ಕಾನೂನಿಗೆ ಕೊರತೆಯಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 11ನೆಯ ಪ್ರಕರಣವು ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಒಡ್ಡಿ ತ್ಯಜಿಸುವುದನ್ನು ಅಪರಾಧವೆನ್ನುತ್ತದೆ. ಆದರೆ ಮೊದಲ ತಪ್ಪಿಗೆ ಅದು ವಿಧಿಸುವ ದಂಡ ಹತ್ತರಿಂದ ಐವತ್ತು ರೂಪಾಯಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗೆ ಚಿಕಿತ್ಸೆಯಿತ್ತು ಹಿಡಿದಲ್ಲಿಯೇ ಬಿಡಬೇಕೆನ್ನುತ್ತವೆ. ಬೀದಿಯಲ್ಲಿ ಹುಟ್ಟಿ ಬೆಳೆದ ನಾಯಿಗೆ ಅದು ಯುಕ್ತವೇ; ಮನೆಯೊಳಗೆ ಮಲಗಿ ಬೆಳೆದುದನ್ನು ಚಿರತೆ ತಿರುಗುವ ಈ ಕಾಡಿನಂಚಿಗೆ ಮರಳಿಸುವುದು ಯಾವ ನ್ಯಾಯ? ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ, ನಾಯಿಗಳನ್ನು ದತ್ತು ಪಡೆಯಲು ಪ್ರಾಣಿಪ್ರಿಯರು ಅರ್ಜಿ ಸಲ್ಲಿಸಬಹುದೆಂದೂ, ಪಡೆದವರು ಅವು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳಬೇಕೆಂದೂ ವಿಧಿಸಿದೆ. ಹಾಗೆ ಬೀಳದಿರಬೇಕಾದರೆ, ಆ ಗೃಹಿಣಿಯ ಕೊಟ್ಟಿಗೆಯಂತೆ, ದತ್ತು ಹೋಗುವವರೆಗೆ ನಾಯಿಯನ್ನು ಇರಿಸಿಕೊಂಡು ಅದರ ಸ್ವಭಾವವನ್ನು ಅರಿಯುವ ನಡುವಣ ಮನೆಯೊಂದು ಬೇಕು. 1991ರಲ್ಲಿ ಕ್ರಿಸ್ಟಲ್ ರಾಜರ್ಸ್ ಸ್ಥಾಪಿಸಿದ ಕ್ಯೂಪಾದಂತಹ ಪ್ರಾಣಿರಕ್ಷಣಾ ಸಂಸ್ಥೆಗಳ ಆಸರೆ ಬೆಂಗಳೂರಿಗಿದೆ. ಘಟ್ಟದ ಮೇಲಿನ ನಮಗೆ ಅದು ಬಹುದೂರ.

ಆದುದರಿಂದ ನನ್ನ ಪ್ರಾರ್ಥನೆ ದೊಡ್ಡ ಕಟ್ಟಡದ್ದಲ್ಲ. ಮೂಡಿಗೆರೆ, ಕಳಸಗಳ ಪಶು ಆಸ್ಪತ್ರೆಗಳಲ್ಲಿ ಇಂಥ ನಡುವಣ ಮನೆಗಳ ಹೆಸರನ್ನು ಬರೆದಿಡುವ ಪುಸ್ತಕವೊಂದಿರಲಿ. ಲಸಿಕೆ, ಶಸ್ತ್ರಚಿಕಿತ್ಸೆ, ಆಹಾರಗಳ ವೆಚ್ಚವನ್ನು ಪ್ರಾಣಿದಯಾ ಸಂಘವು ಭರಿಸಲಿ. ದೇವರಮನೆಯ ದಾರಿಯ ಬುಡದಲ್ಲಿ, ನಾಯಿಯನ್ನು ತ್ಯಜಿಸುವುದು ಅಪರಾಧವೆಂಬ ಫಲಕವನ್ನು ನಿಲ್ಲಿಸಲಿ. ಮುಂಗಾರು ಹಿಡಿಯುವ ಮುನ್ನ ಸಂಘದ ಸಭೆಯನ್ನು ಕರೆದು ಇದನ್ನು ಪರ್ಯಾಲೋಚಿಸುವ ಕೃಪೆಯಾಗಬೇಕು. ಆ ಪುಸ್ತಕದ ಮೊದಲ ಪುಟದಲ್ಲಿ ನಮ್ಮ ಮನೆಯ ಹೆಸರನ್ನು ಬರೆಯಿಸಲು ನಾನೇ ಬರುತ್ತೇನೆ.

ಇಂತು ತಮ್ಮ ವಿಧೇಯ,
ದೇವರಮನೆಯ ಆಸುಪಾಸಿನ ಓರ್ವ ಕಾಫಿ ಬೆಳೆಗಾರ