ಪ್ರಯಾಣ ಔಷಧಿಗಿರಲಿ, ರೋಗಿಗೆ ಬೇಡ

ಹುಬ್ಬಳ್ಳಿ–ಧಾರವಾಡದಲ್ಲಿ ಕ್ಯಾನ್ಸರ್ ಗಡ್ಡೆಗೆ ಕೊಡುವ ವಿಕಿರಣಶೀಲ ಲುಟೇಶಿಯಂ ಚಿಕಿತ್ಸೆ ಬಡವರ ಕೈಗೂ ಎಟಕುವಂತೆ ನೆಲೆಯೂರಬೇಕು ಎಂದರೆ ನಾಲ್ಕು ತಕರಾರು ಏಳುತ್ತವೆ.

‘ಕೈಗಾದಾಗ ಇರೋದು ಸಾಲದೇನ್ರಿ, ಊರಾಗೂ ತರ್ತೀರೇನು?’

ಕೈಗಾದ ಅಣುಸ್ಥಾವರಕ್ಕೂ ಈ ಔಷಧಿಗೂ ನಂಟಿಲ್ಲ. ನಮ್ಮ ದೇಶದಲ್ಲಿ ಲುಟೇಶಿಯಂ-177 ತಯಾರಾಗುವುದು ಟ್ರಾಂಬೆಯ ಧ್ರುವ ಸಂಶೋಧನಾ ರಿಯಾಕ್ಟರಿನಲ್ಲಿ. ಅರ್ಧಾಯುಷ್ಯ 6.65 ದಿನ, ಎರಡೂಕಾಲು ತಿಂಗಳಲ್ಲಿ ಸಾವಿರಕ್ಕೊಂದು ಪಾಲಿಗೆ ಇಳಿಯುತ್ತದೆ. ರೋಗಿಯ ಮೂತ್ರದಲ್ಲಿ ಹೊರಬರುವ ವಿಕಿರಣದ ಬಗೆಗಿನ ಆತಂಕ ಮಾತ್ರ ನ್ಯಾಯವಾದದ್ದೇ. ಅದಕ್ಕೇ ಈ ಚಿಕಿತ್ಸೆಯ ವಾರ್ಡಿನ ಶೌಚದ ನೀರನ್ನು ನೇರ ಗಟಾರಕ್ಕೆ ಬಿಡದೆ ಟ್ಯಾಂಕಿನಲ್ಲಿ ತಡೆದಿಡುತ್ತಾರೆ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇಲ್ಲದೆ ವಾರ್ಡಿನ ಬಾಗಿಲೇ ತೆರೆಯುವಂತಿಲ್ಲ.

‘ನವನಗರದ ಕ್ಯಾನ್ಸರ್ ಆಸ್ಪತ್ರೆಯಾಗ ಕರೆಂಟ್ ಕೊಡ್ತಾರಲ್ಲ, ಸಾಕು.’

ಅದು ಹೊರಗಿನಿಂದ ಒಂದು ಜಾಗಕ್ಕೆ ಹಾಯಿಸುವ ಕಿರಣ. ಗಡ್ಡೆ ಯಕೃತ್ತು, ಎಲುಬು ಎಂದು ಚದುರಿಬಿಟ್ಟರೆ? ಅಲ್ಲಿಗೆ ಬೇಕಾದದ್ದು ಈ ಚಿಕಿತ್ಸೆ: ಎಂಟೇ ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡೊಂದು ಸೊಮಾಟೊಸ್ಟ್ಯಾಟಿನ್ ಹಾರ್ಮೋನಿನ ವೇಷ ತೊಟ್ಟು, ರಕ್ತದಲ್ಲಿ ಸುತ್ತಾಡಿ, ನ್ಯೂರೋಎಂಡೋಕ್ರೈನ್ ಎಂಬ ಬಗೆಯ ಕ್ಯಾನ್ಸರ್ ಗಡ್ಡೆಗಳನ್ನು ಹುಡುಕಿ ಅಂಟಿಕೊಳ್ಳುತ್ತದೆ. ಅದಕ್ಕೆ ಗ್ಯಾಲಿಯಂ-68 ಕಟ್ಟಿದರೆ ಪೆಟ್ ಸ್ಕ್ಯಾನಿನಲ್ಲಿ ಗಡ್ಡೆ ಹೊಳೆಯುತ್ತದೆ. ಹೊಳೆದವರಿಗಷ್ಟೇ ಲುಟೇಶಿಯಂ ಕಟ್ಟಿದ ಸೂಜಿ. ಅದರ ಬೀಟಾ ಕಣ ಎರಡು ಮಿಲಿಮೀಟರಿನಾಚೆ ಹೆಚ್ಚೇನೂ ಹೋಗದು.

‘ಬೆಂಗಳೂರು, ಮುಂಬೈ ಅದಾವಲ್ಲ.’

ಸೂಜಿ ಎಂಟು ವಾರಕ್ಕೊಮ್ಮೆ, ನಾಲ್ಕು ಸಲ. ಪ್ರತಿ ಸಲವೂ ರೋಗಿಯ ಜೊತೆ ಇನ್ನೊಬ್ಬರ ಕೂಲಿ ಹೋಗುತ್ತದೆ. ಲುಟೇಶಿಯಂ ಹನ್ನೆರಡು ತಾಸಿನ ದಾರಿಯಲ್ಲಿ ಕಳೆದುಕೊಳ್ಳುವುದು ಶೇ 5ರಷ್ಟು ಕಸುವು ಮಾತ್ರ. ಗ್ಯಾಲಿಯಂ 68 ನಿಮಿಷಕ್ಕೆ ಅರ್ಧವಾಗುತ್ತದೆ, ದೂರದಿಂದ ತರಲಾಗದು, ನಿಜ. ಅದಕ್ಕೆ ಜರ್ಮೇನಿಯಂ ಜನರೇಟರ್ ಇದೆ: ಹಿತ್ತಲಲ್ಲಿ ಎಮ್ಮೆ ಕಟ್ಟಿಕೊಂಡಂತೆ, ಕೆಲವು ತಾಸಿಗೊಮ್ಮೆ ಹಿಂಡಿಕೊಳ್ಳಬಹುದು. ಪೇಢೆಯ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

‘ಅಪರೂಪದ ರೋಗ, ವಾಸಿಯೂ ಆಗಂಗಿಲ್ಲ.’

ಅಪರೂಪ ಹೌದು. ಆದರೆ ಇದೇ ದಾರಿಯ ಔಷಧಿಗೆ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ 2022ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುವುದಿಲ್ಲ ಎಂಬುದನ್ನೂ ಒಪ್ಪುತ್ತೇನೆ. 2017ರಲ್ಲಿ ಪ್ರಕಟವಾದ, ನ್ಯೂರೋಎಂಡೋಕ್ರೈನ್ ಗಡ್ಡೆಯ 229 ರೋಗಿಗಳ ಪ್ರಯೋಗದಲ್ಲಿ, 20ನೇ ತಿಂಗಳಿಗೂ ರೋಗ ಮುಂದುವರಿಯದೆ ಉಳಿದವರು ಲುಟೇಶಿಯಂ ಪಡೆದವರಲ್ಲಿ ಶೇ 65.2, ಆಕ್ಟ್ರಿಯೊಟೈಡ್ ಎಂಬ ಔಷಧಿಯೊಂದನ್ನೇ ಹೆಚ್ಚು ಪ್ರಮಾಣದಲ್ಲಿ ಪಡೆದವರಲ್ಲಿ ಶೇ 10.8. ಆಯುಷ್ಯ ಎಷ್ಟು ಬೆಳೆಯಿತೆಂಬ ಲೆಕ್ಕದಲ್ಲಿ ಅಂಥ ಖಚಿತ ಗೆಲುವು ಸಿಗಲಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ.

ಇಪ್ಪತ್ತು ತಿಂಗಳೆಂದರೆ ಕುಂದಗೋಳದ ರೈತನಿಗೆ ಎರಡು ಮುಂಗಾರು. ಅದರಲ್ಲಿ ಎಷ್ಟು ದಿನ ಹೊಲದಲ್ಲಿ, ಎಷ್ಟು ದಿನ ರೈಲಿನಲ್ಲಿ ಎಂಬುದಷ್ಟೇ ನಮ್ಮ ಜಗಳ.