ಬೇಸಿಗೆಯಲ್ಲಿ ಸೌರ ಪಂಪ್‌ಸೆಟ್ಟಿನ ನೀರು ಇಳಿದರೆ: ಶಾಖ, ದೂಳು ಮತ್ತು ಬೂದಿಯ ಲೆಕ್ಕ



2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ನೆರವಿನಿಂದ ಸೌರ ಪಂಪ್‌ಸೆಟ್ಟುಗಳು ನಮ್ಮ ಹೊಲಗಳಿಗೆ ಬರುತ್ತಿವೆ. ಸಹಾಯಧನವು ಫಲಕವನ್ನು ಹೊಲಕ್ಕೆ ತಲುಪಿಸುತ್ತದೆ. ಅದು ಎತ್ತುವ ನೀರಿನ ಪ್ರಮಾಣ ಮಾತ್ರ ಬಹುಪಾಲು ನಿಮ್ಮ ನಿರ್ವಹಣೆಯನ್ನು ಅವಲಂಬಿಸಿದೆ.

ಬಿಸಿಲು ಕಾದಷ್ಟೂ ವಿದ್ಯುತ್ ಹೆಚ್ಚುತ್ತದೆ ಎಂಬುದು ತಪ್ಪು ತಿಳಿವಳಿಕೆ. ಫಲಕಕ್ಕೆ ಬೇಕಾದುದು ಬೆಳಕೇ ಹೊರತು ಶಾಖವಲ್ಲ. ಅದರ ಮೇಲೆ ನಮೂದಿಸಿದ ಸಾಮರ್ಥ್ಯವು ಫಲಕದ ತಾಪ 25 ಡಿಗ್ರಿ ಸೆಲ್ಸಿಯಸ್ ಇರುವಾಗಿನದು. ಅಲ್ಲಿಂದ ಪ್ರತಿ ಡಿಗ್ರಿ ಏರಿಕೆಗೆ ಉತ್ಪಾದನೆ ಸುಮಾರು ಶೇ 0.4ರಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ ಗಾಳಿಯ ಉಷ್ಣಾಂಶ 42 ಡಿಗ್ರಿ ಇದ್ದಾಗ ಫಲಕವು 65ರಿಂದ 70 ಡಿಗ್ರಿವರೆಗೆ ಕಾಯುತ್ತದೆ. ಅಂದರೆ ಶೇ 16ರಿಂದ 18ರಷ್ಟು ನಷ್ಟ. ಫಲಕದ ಹಿಂಬದಿಗೆ ಗಾಳಿಯಾಡಲು ಬಿಟ್ಟರೆ ಇದನ್ನು ತುಸು ತಗ್ಗಿಸಬಹುದು, ಪೂರ್ಣ ತಪ್ಪಿಸಲಾಗದು.

ಎರಡನೆಯ ನಷ್ಟವನ್ನು ತಡೆಯುವುದು ನಿಮ್ಮ ಕೈಯಲ್ಲಿದೆ. ದೇವದುರ್ಗದ ಒಣ ಹೊಲಗಳಲ್ಲಿ ಮಣ್ಣಿನ ದೂಳು. ಮಾನ್ವಿಯ ಭತ್ತದ ಪ್ರದೇಶದಲ್ಲಿ ಹುಲ್ಲು ಸುಟ್ಟ ಮಸಿ ಮತ್ತು ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ. ರಾಯಚೂರು ನಗರದ ಸುತ್ತ ವಾಹನಗಳ ಹೊಗೆಯೊಂದಿಗೆ ಶಕ್ತಿನಗರ, ಯರಮರಸ್ ಶಾಖೋತ್ಪನ್ನ ಸ್ಥಾವರಗಳ ಕಡೆಯ ಹಾರುಬೂದಿ. ಕಣ ಸಣ್ಣದಾದಷ್ಟೂ ಅದೇ ತೂಕಕ್ಕೆ ಹೆಚ್ಚು ಬೆಳಕನ್ನು ತಡೆಯುತ್ತದೆ. ಮುಂಜಾನೆಯ ಇಬ್ಬನಿ ಅದನ್ನು ಗಾಜಿಗೆ ಅಂಟಿಸುತ್ತದೆ. ತುಂತುರು ಮಳೆ ತೊಳೆಯುವುದಿಲ್ಲ. ಕೆಸರನ್ನು ಕೆಳ ಅಂಚಿಗೆ ಇಳಿಸುತ್ತದೆ. ಕೋಶಗಳು ಸರಪಳಿಯಂತೆ ಜೋಡಣೆಗೊಂಡಿರುವುದರಿಂದ ಆ ಕಿರುಪಟ್ಟಿಯೇ ಫಲಕದ ಉತ್ಪಾದನೆಯನ್ನು ಗಣನೀಯವಾಗಿ ಕುಗ್ಗಿಸಬಲ್ಲದು. ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಬೆಳೆಗೆ ನೀರು ಅತ್ಯಗತ್ಯವಾದ ಕಾಲದಲ್ಲೇ, ಈ ಪದರ ದಪ್ಪವಾಗುತ್ತದೆ.

ಅನುಸರಿಸಬೇಕಾದ ಕ್ರಮಗಳು:

• ಪಂಪ್ ನಿಲ್ಲಿಸಿ, ಸೂರ್ಯೋದಯಕ್ಕೆ ಮುನ್ನ ತೊಳೆಯಿರಿ. ಕಾದ ಗಾಜಿಗೆ ತಣ್ಣೀರು ಎರಚಿದರೆ ಬಿರುಕು ಬಿಡಬಹುದು.
• ಮೊದಲು ನೀರು ಹಾಯಿಸಿ, ಬಳಿಕ ಮೃದು ಬಟ್ಟೆಯಿಂದ ಒರೆಸಿರಿ. ಸೋಪಿನ ಪುಡಿ, ತೆಂಗಿನ ನಾರು ಬೇಡ. ಫಲಕದ ಮೇಲೆ ಹತ್ತಬೇಡಿ.
• ಕೊಳವೆ ಬಾವಿಯ ಉಪ್ಪು ನೀರು ಬಿಳಿ ಕಲೆ ಉಳಿಸುತ್ತದೆ. ಕಾಲುವೆ ನೀರು ಬಳಸಿ. ಇಲ್ಲವಾದಲ್ಲಿ ಕೂಡಲೇ ಒರೆಸಿ ಒಣಗಿಸಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮದಲ್ಲಿ ಒಂದು ಸರಳ ಪರೀಕ್ಷೆಯನ್ನು ಮಾಡಿ ತೋರಿಸಬಹುದು. ಮೋಡವಿಲ್ಲದ ದಿನ ಮಧ್ಯಾಹ್ನ 12ಕ್ಕೆ ತೊಟ್ಟಿ ತುಂಬಲು ಹಿಡಿಯುವ ಸಮಯವನ್ನು ಬರೆದಿಡಿ. ಮರುದಿನ ಬೆಳಗ್ಗೆ ಫಲಕ ತೊಳೆದು, ಅದೇ ಹೊತ್ತಿಗೆ ಮತ್ತೆ ಅಳೆಯಿರಿ. ಸಮಯ ಇಳಿದರೆ ದೋಷ ದೂಳಿನದು. ಇಳಿಯದಿದ್ದರೆ ಮಾತ್ರ ಅಂತರ್ಜಲ ಮಟ್ಟ, ಪಂಪ್ ಮತ್ತು ತಂತಿಗಳನ್ನು ಪರಿಶೀಲಿಸಿರಿ. ಹಣ ತೆತ್ತು ಪಂಪನ್ನು ಮೇಲೆತ್ತಿಸುವ ಮುನ್ನ ಈ ಎರಡು ದಿನಗಳ ಪರೀಕ್ಷೆಯನ್ನು ತಪ್ಪದೇ ಮಾಡಿರಿ.